ಪಾರಿವಾಳದ ಮರಿ ಎಲ್ಲಿರುತ್ತೆ?

ಪ್ರಶ್ನೆ: ಬಸ್ ನಿಲ್ದಾಣದ ಹತ್ತಿರ ನಮ್ಮ ಅಂಗಡಿ ಇದೆ. ಎದುರಿನ ಕಟ್ಟಡದ ಮೇಲೆ ದಿನಾ ರಾಶಿ ಪಾರಿವಾಳ ಕೂರುತ್ತವೆ. ಕೋಳಿಮರಿ ಗೊತ್ತು, ಗುಬ್ಬಿಮರಿ ಗೊತ್ತು, ಕಾಗೆಮರಿ ಬಾಯಿ ತೆರೆದು ಅರಚುವುದನ್ನೂ ನೋಡಿದ್ದೇನೆ. ಪಾರಿವಾಳದ ಮರಿ ಮಾತ್ರ ಒಂದೂ ಕಂಡಿಲ್ಲ. ಇವು ಮರಿ ಮಾಡುವುದಾದರೂ ಎಲ್ಲಿ?
- ಓದುಗರೊಬ್ಬರು, ಹಾಸನ

ಉತ್ತರ: ಬಹುಶಃ ನಿಮ್ಮ ಅಂಗಡಿ ಎದುರೇ ಮಾಡುತ್ತವೆ. ನೀವು ಮರಿಗಳನ್ನು ನೋಡಿಯೂ ಇರುತ್ತೀರಿ, ಮರಿ ಅಂತ ಗೊತ್ತಾಗಿರುವುದಿಲ್ಲ ಅಷ್ಟೇ.

ನಮ್ಮ ಊರುಗಳ ಪಾರಿವಾಳದ ಪೂರ್ವಜರು ಬಂಡೆಗಳ ಸಂದಿನಲ್ಲಿ, ಗುಹೆಯೊಳಗಿನ ಚಾಚುಗಲ್ಲಿನ ಮೇಲೆ ಗೂಡು ಮಾಡುತ್ತಿದ್ದ ಹಕ್ಕಿಗಳು. ಊರಿಗೆ ಬಂದರೂ ಆ ಅಭ್ಯಾಸ ಬಿಟ್ಟಿಲ್ಲ. ಮರದ ಕೊಂಬೆ ಇವಕ್ಕೆ ಬೇಡ. ಸಜ್ಜಾದ ಮೇಲಿನ ಕತ್ತಲೆ ಮೂಲೆ, ಎಸಿ ಪೆಟ್ಟಿಗೆಯ ಹಿಂಭಾಗ, ಗಾಜು ಒಡೆದ ಕಿಟಕಿ, ನೀರಿನ ಟ್ಯಾಂಕಿನ ಅಡಿ, ಹೀಗೆ ಕೆಳಗೆ ನಿಂತವರ ಕಣ್ಣಿಗೆ ಬೀಳದ ಜಾಗವೇ ಬೇಕು. ಗೂಡು ಅನ್ನುವುದಕ್ಕೂ ನಾಚಿಕೆಯಾಗಬೇಕು, ನಾಲ್ಕು ಕಡ್ಡಿ ಅಡ್ಡಾದಿಡ್ಡಿ ಹಾಕಿ ಮೊಟ್ಟೆ ಇಟ್ಟುಬಿಡುತ್ತವೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಹದಿನೆಂಟು ದಿನದ ಆಸುಪಾಸಿನಲ್ಲಿ ಮರಿ ಹೊರಬರುತ್ತದೆ. ಕಾವು ಕೊಡುವುದರಲ್ಲಿ ಗಂಡಿಗೂ ಪಾಲಿದೆ, ಬೆಳಗ್ಗೆ ಬಿಸಿಲೇರಿದ ಮೇಲಿಂದ ಸಂಜೆಯವರೆಗೆ ಹೆಚ್ಚಾಗಿ ಅವನದೇ ಪಾಳಿ, ಉಳಿದ ಹೊತ್ತು ಅವಳದು. ಹಾಗಾಗಿ ಗೂಡು ಖಾಲಿ ಇರುವುದೇ ಅಪರೂಪ, ಇಣುಕಿದರೂ ನಿಮಗೆ ಕಾಣುವುದು ದೊಡ್ಡ ಹಕ್ಕಿಯೇ.

ಆಮೇಲಿನದು ಮುಖ್ಯ. ಮೊಟ್ಟೆಯಿಂದ ಬಂದ ಮರಿ ಕಣ್ಣು ಮುಚ್ಚಿಕೊಂಡಿರುತ್ತದೆ. ಮೈಮೇಲೆ ಅಲ್ಲೊಂದು ಇಲ್ಲೊಂದು ಹಳದಿ ಕೂದಲು, ಮೈಗೆ ಹೊಂದದಷ್ಟು ದಪ್ಪ ಕೊಕ್ಕು, ನೋಡಲು ಚಂದ ಅಂತ ನಾನಂತೂ ಹೇಳಲಾರೆ. ಇದಕ್ಕೆ ಅಪ್ಪ ಅಮ್ಮ ಇಬ್ಬರೂ ಹಾಲು ಕೊಡುತ್ತಾರೆ! ಹಸುವಿನ ಹಾಲಿನಂಥದ್ದಲ್ಲ. ಗಂಟಲ ಕೆಳಗೆ ಕಾಳು ತುಂಬಿಕೊಳ್ಳುವ ಚೀಲ ಇರುತ್ತದಲ್ಲ, ಅದರ ಒಳಪದರ ಉದುರಿ ಆಗುವ, ಹುಳಿ ಹಿಂಡಿ ಒಡೆದ ಹಾಲಿನ ಗಿಣ್ಣಿನಂಥ ವಸ್ತು. ಕೊಬ್ಬು, ಪ್ರೋಟೀನ್ ಜಾಸ್ತಿ, ಸಕ್ಕರೆ ಅಂಶ ಇಲ್ಲವೇ ಇಲ್ಲ ಅನ್ನಬಹುದು. ಮೊದಲ ಕೆಲವು ದಿನ ಇದೇ ಊಟ, ನಂತರ ನೆನೆದ ಕಾಳು ಬೆರೆಯುತ್ತಾ ಹೋಗುತ್ತದೆ. ಕಾಳು ತಿನ್ನುವ ಬಹಳ ಹಕ್ಕಿಗಳು ಕೂಡ ಮರಿಗಾಗಿ ಹುಳ ಹುಡುಕಿಕೊಂಡು ಅಲೆಯಬೇಕು. ಪಾರಿವಾಳಕ್ಕೆ ಆ ಕಷ್ಟವಿಲ್ಲ. ತಾನು ತಿಂದ ಜೋಳ, ಅಕ್ಕಿಯಿಂದಲೇ ಮರಿಯ ಊಟ ತಯಾರಾಗುವುದರಿಂದ ಮಳೆಗಾಲ, ಬೇಸಿಗೆ ಅಂತ ಕಾಯದೆ ವರ್ಷದ ಬಹುಪಾಲು ಮರಿ ಮಾಡುತ್ತಲೇ ಇರುತ್ತದೆ.

ಮನೆಬಾಗಿಲಿಗೆ ಊಟ ಬರುವಾಗ ಮರಿಗೆ ಹೊರಗೆ ಬರುವ ಅವಸರವೇನು? ಗುಬ್ಬಿಮರಿ ಎರಡು ವಾರದಲ್ಲಿ ಗೂಡು ಬಿಡುತ್ತದೆ. ಪಾರಿವಾಳದ ಮರಿ ನಾಲ್ಕು ವಾರದಷ್ಟು ಕೂರುತ್ತದೆ, ಚಳಿಗಾಲವಾದರೆ ಇನ್ನೂ ಜಾಸ್ತಿ. ಹೊರಗೆ ಬರುವ ಹೊತ್ತಿಗೆ ಗಾತ್ರದಲ್ಲಿ ಅಪ್ಪ ಅಮ್ಮನಷ್ಟೇ ಆಗಿರುತ್ತದೆ. ಪುಟ್ಟ ಪಾರಿವಾಳ ಹುಡುಕುತ್ತಾ ನಿಂತರೆ ಅದು ಸಿಗುವುದಿಲ್ಲ, ಸಿಗುವುದು ದೊಡ್ಡದಾದ ಮರಿ.

ಪ್ರಶ್ನೆ: ಹಾಗಾದರೆ ದೇವಸ್ಥಾನದ ಅಂಗಳದಲ್ಲಿ ಕಾಳು ತಿನ್ನುವ ಗುಂಪಿನಲ್ಲಿ ಮರಿ ಯಾವುದು ಅಂತ ಹೇಗೆ ಗುರುತು ಹಿಡಿಯಬೇಕು?
- ವಿದ್ಯಾರ್ಥಿನಿ, ಬೇಲೂರು

ಉತ್ತರ: ಮೊದಲು ಕುತ್ತಿಗೆ ನೋಡಿ. ದೊಡ್ಡ ಹಕ್ಕಿಯ ಕುತ್ತಿಗೆ ಬಿಸಿಲಿಗೆ ಹಸಿರು, ನೇರಳೆ ಅಂತ ಮಿರಮಿರ ಹೊಳೆಯುತ್ತದೆ. ಮರಿಯದ್ದು ಮಂಕು ಬೂದು, ಹೊಳಪೇ ಇರುವುದಿಲ್ಲ. ಆಮೇಲೆ ಕೊಕ್ಕಿನ ಬುಡ. ದೊಡ್ಡದರಲ್ಲಿ ಅಲ್ಲಿ ಸುಣ್ಣ ಬಳಿದಂಥ ಬಿಳಿ ಉಬ್ಬು ಎದ್ದು ಕಾಣುತ್ತದೆ, ಮರಿಯಲ್ಲಿ ಅದೇ ಜಾಗ ಬೂದುಗುಲಾಬಿ. ಕಣ್ಣು ದೊಡ್ಡದರಲ್ಲಿ ಕಿತ್ತಳೆ ಕೆಂಪು, ಮರಿಯಲ್ಲಿ ಕಂದು. ಆದರೆ ಕಣ್ಣೊಂದನ್ನೇ ನಂಬಬೇಡಿ, ಏಕೆಂದರೆ ಸಾಕಿದ ಪಾರಿವಾಳದ ರಕ್ತ ಬೆರೆತ ಬಿಳಿ ಹಕ್ಕಿಗಳಲ್ಲಿ ವಯಸ್ಸಾದರೂ ಕಣ್ಣು ಕಪ್ಪಗೇ ಇರುವುದುಂಟು. ಗೂಡು ಬಿಟ್ಟು ಒಂದೆರಡು ದಿನವಷ್ಟೇ ಆಗಿದ್ದರೆ ತಲೆ, ಕುತ್ತಿಗೆಯ ಮೇಲೆ ಹಳದಿ ಕೂದಲು ಇನ್ನೂ ಅಂಟಿಕೊಂಡಿರುತ್ತದೆ. ಅದು ಕಂಡರೆ ಬೇರೆ ಯೋಚನೆಯೇ ಬೇಡ.

ದೂರದಿಂದ ಇದೆಲ್ಲ ಕಾಣದಿದ್ದರೆ ಕಿವಿ ಇದೆಯಲ್ಲ. ದೊಡ್ಡವು ಗುಟುರ್ ಗುಟುರ್ ಅನ್ನುತ್ತವೆ. ಮರಿ ಮಾತ್ರ ಕೀಚಲು ದನಿಯಲ್ಲಿ ಕೀಂಯ್ ಕೀಂಯ್ ಅಂತ ರೆಕ್ಕೆ ಬಡಿಯುತ್ತಾ ಒಂದು ಹಕ್ಕಿಯ ಹಿಂದೆಯೇ ಓಡುತ್ತದೆ, ಅದರ ಬಾಯೊಳಗೆ ಕೊಕ್ಕು ತೂರಿಸಲು ನೋಡುತ್ತದೆ. ಹೀಗೆ ಕಾಟ ತಿನ್ನುತ್ತಿರುವುದು ಹೆಚ್ಚಾಗಿ ಅಪ್ಪ. ಅಮ್ಮ ಆಗಲೇ ಮುಂದಿನ ಮೊಟ್ಟೆಯ ಕೆಲಸಕ್ಕೆ ಹೋಗಿರುತ್ತಾಳೆ. ಇಲ್ಲಿ ಒಂದು ಎಚ್ಚರ ಬೇಕು. ಜೋಡಿ ಹಕ್ಕಿಗಳು ಕೂಡುವ ಮುಂಚೆ ಹೆಣ್ಣೂ ಗಂಡಿನ ಬಾಯಿಗೆ ಕೊಕ್ಕು ಹಾಕುತ್ತದೆ. ಅದು ಪ್ರೇಮ ಪ್ರಕರಣ, ಮರಿ ಅಲ್ಲ. ಕೀಚಲು ದನಿ, ಹೊಳೆಯದ ಕುತ್ತಿಗೆ ಎರಡೂ ಇದ್ದರೆ ಮಾತ್ರ ಮರಿ ಅನ್ನಿ. ಬೇಗ ನೋಡಿಕೊಳ್ಳಿ, ಕೆಲವು ತಿಂಗಳಲ್ಲಿ ಗರಿ ಬದಲಾಗಿ ಗುಂಪಿನಲ್ಲಿ ಬೆರೆತುಹೋಗುತ್ತದೆ.

ಪ್ರಶ್ನೆ: ನಮ್ಮ ಬಾಲ್ಕನಿಯ ಹೂಕುಂಡದಲ್ಲಿ ಪಾರಿವಾಳ ಗೂಡು ಕಟ್ಟಿತ್ತು. ಮರಿಗಳು ಎರಡೇ ವಾರಕ್ಕೆ ಹಾರಿಹೋದವು. ಇಷ್ಟು ಬೇಗ ಹೇಗೆ?
- ಗೃಹಿಣಿ, ಚಿಕ್ಕಮಗಳೂರು

ಉತ್ತರ: ಅದು ಚೋರೆ ಹಕ್ಕಿ ಇರಬೇಕು, ಕೆಲವರು ಬೆಳವ ಅನ್ನುತ್ತಾರಲ್ಲ, ಅದೇ. ಪಾರಿವಾಳದ ಕುಟುಂಬವೇ, ಹಾಲು ಕೊಡುವುದೂ ಹಾಗೆಯೇ, ಆದರೆ ಮೈ ಸಣ್ಣದು, ಮರಿ ಬೇಗ ಗೂಡು ಬಿಡುತ್ತದೆ. ದೊಡ್ಡದರ ಕುತ್ತಿಗೆಯ ಹಿಂಭಾಗದಲ್ಲಿ ಕಪ್ಪು ಪಟ್ಟಿ, ಅದರ ತುಂಬ ಬಿಳಿ ಚುಕ್ಕೆ ಇರುತ್ತದೆ. ಮರಿಗೆ ಆ ಚುಕ್ಕೆ ಪಟ್ಟಿ ಇನ್ನೂ ಬಂದಿರುವುದಿಲ್ಲ.

ಪ್ರಶ್ನೆ: ಕಾಡಂಚಿನ ನಮ್ಮ ತೋಟದ ಎತ್ತರದ ಮರಗಳಲ್ಲಿ ಕುತ್ತಿಗೆ ಮೇಲೆ ಕಪ್ಪು ಬಿಳಿ ಚೌಕಗಳಿರುವ ದೊಡ್ಡ ಪಾರಿವಾಳ ಕಾಣುತ್ತದೆ. ಊರಿನದೇ ಕಾಡಿಗೆ ಬಂದಿದೆಯಾ?
- ಬೆಳೆಗಾರರು, ಮೂಡಿಗೆರೆ

ಉತ್ತರ: ಅಲ್ಲ. ನೀವು ಹೇಳಿದ ಗುರುತು ನೀಲಗಿರಿ ಕಾಡು ಪಾರಿವಾಳದ್ದು. ಪಶ್ಚಿಮ ಘಟ್ಟದ ಹಕ್ಕಿ, ಕಾಡಿನ ಹಣ್ಣು ಇದರ ಮುಖ್ಯ ಊಟ, ಗೂಡಿಗೆ ಒಂದೇ ಮೊಟ್ಟೆ. ಅಳಿವಿನ ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿದೆ. ತೋಟದ ನೆರಳಿಗೆ ಅಂತ ಬರೀ ಸಿಲ್ವರ್ ಓಕ್ ಹಾಕದೆ ಅತ್ತಿ, ಬಸರಿ, ನೇರಳೆ ಮರಗಳನ್ನು ಉಳಿಸಿಕೊಂಡಿದ್ದರೆ ದಯವಿಟ್ಟು ಕಡಿಯಬೇಡಿ.

ಪ್ರಶ್ನೆ: ಸಜ್ಜಾದಿಂದ ಮರಿಯೊಂದು ಬಿದ್ದಿದೆ. ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅಂತ ಅತ್ತೆ ಹೇಳುತ್ತಾರೆ. ಏನು ಮಾಡಲಿ? ಗಲೀಜು ಬೇರೆ, ಗೂಡು ತೆಗೆದುಬಿಡಬಹುದಾ?
- ಓದುಗರು, ಅರಸೀಕೆರೆ

ಉತ್ತರ: ಅತ್ತೆಯವರಿಗೆ ನಿಧಾನಕ್ಕೆ ತಿಳಿಸಿ, ಮನುಷ್ಯ ಮುಟ್ಟಿದ್ದಕ್ಕೆ ಪಾರಿವಾಳ ಮರಿ ಬಿಡುವುದಿಲ್ಲ. ಗಾಯವಾಗಿಲ್ಲದಿದ್ದರೆ ಎತ್ತಿ ಗೂಡಿಗೆ ಇಡಿ. ಗೂಡು ಕೈಗೆ ಸಿಗದಿದ್ದರೆ ಅದರ ಹತ್ತಿರವೇ ಒಂದು ರಟ್ಟಿನ ಪೆಟ್ಟಿಗೆ ಕಟ್ಟಿ ಅದರಲ್ಲಿಟ್ಟು ದೂರ ಸರಿಯಿರಿ. ಹಸುವಿನ ಹಾಲು ಬೇಡ, ಬಾಯಿಗೆ ನೀರು ಸುರಿಯುವುದಂತೂ ಬೇಡವೇ ಬೇಡ, ಶ್ವಾಸಕ್ಕೆ ಹೋಗಿ ಸತ್ತುಹೋಗುತ್ತದೆ. ರಕ್ತ ಬರುತ್ತಿದ್ದರೆ ಅಥವಾ ಬೆಕ್ಕು ಕಚ್ಚಿದ್ದರೆ ಪಶುವೈದ್ಯರ ಹತ್ತಿರ ಒಯ್ಯಿರಿ.

ಮರಿ ಇರುವಾಗ ಗೂಡು ತೆಗೆಯಬೇಡಿ, ಹಾರುವವರೆಗೆ ತಡೆದುಕೊಳ್ಳಿ. ಹಾರಿದ ಮೇಲೆ ತಡ ಮಾಡಬೇಡಿ, ಅದೇ ಜಾಗದಲ್ಲಿ ಮತ್ತೆ ಮೊಟ್ಟೆ ಇಡುತ್ತವೆ. ಒಣಗಿದ ಹಿಕ್ಕೆಯನ್ನು ಹಾಗೇ ಗುಡಿಸಬೇಡಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಇನ್ನೂ ಜಾಗ್ರತೆ. ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ಕೆರೆದು ತೆಗೆಯಿರಿ, ಅವತ್ತೇ ಬಲೆ ಹಾಕಿಸಿಬಿಡಿ.