ಮಾತು ಪಿಸುಪಿಸು, ಫೈಟು ಢಮಢಮ

ಟಿವಿಯಲ್ಲಿ ಸಿನಿಮಾ ನೋಡುವಾಗ ಮಾತು ಕೇಳಿಸಲ್ಲ ಅಂತ ಸೌಂಡ್ ಏರಿಸಿದರೆ ಫೈಟ್‌ನಲ್ಲಿ ಮನೆ ಅದುರುತ್ತದಾ? ಬಹುಶಃ ಟಿವಿ ಕೆಟ್ಟಿಲ್ಲ. 5.1 ಆಡಿಯೊದಲ್ಲಿ, ಅಂದರೆ ಆರು ಸ್ಪೀಕರಿಗೆ ಹಂಚಿದ ಸೌಂಡ್‌ನಲ್ಲಿ, ಮಾತು ಹೆಚ್ಚಾಗಿ ನಡುವಿನ ಸ್ಪೀಕರಿಗೆ ಹೋಗುತ್ತದೆ. ಟಿವಿಯಲ್ಲಿ ಸಾಮಾನ್ಯವಾಗಿ ಎಡ, ಬಲ ಎರಡೇ. ಎಲ್ಲವನ್ನೂ ಅವೆರಡರಲ್ಲೇ ತುರುಕಿದಾಗ ಬಿಜಿಎಂ (ಹಿನ್ನೆಲೆ ಸಂಗೀತ) ಮಾತನ್ನು ನುಂಗಬಹುದು.

ಮೊದಲು ಸಿನಿಮಾ ನೋಡುವ ಆ್ಯಪ್‌ನ ಆಡಿಯೊ ಮೆನುವಿನಲ್ಲಿ 5.1 ಬಿಟ್ಟು ಸ್ಟೀರಿಯೊ (ಎರಡು ಸ್ಪೀಕರಿನ ಸೌಂಡ್) ಇದ್ದರೆ ಅದನ್ನು ಆರಿಸಿ. ನನಗೆ ಅರ್ಧ ಕಾಟ ಅಲ್ಲೇ ತಪ್ಪಿತು. ಆಮೇಲೆ ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಮಾತನ್ನು ಎತ್ತಿ ಕೇಳಿಸುವ ‘ಕ್ಲಿಯರ್ ವಾಯ್ಸ್’ ಅಥವಾ ಜೋರು ಸದ್ದನ್ನು ತಗ್ಗಿಸುವ ‘ನೈಟ್ ಮೋಡ್’ ಹುಡುಕಿ. ಹೆಸರು ಕಂಪನಿಗೊಂದು ಥರ ಇರುತ್ತದೆ. ‘ಮೂವಿ ಮೋಡ್’ ಅಂತ ಕಂಡರೆ ಸುಮ್ನೆ ಮರುಳಾಗಬೇಡಿ, ಅದರಲ್ಲಿ ಗುಡುಗೇ ಜಾಸ್ತಿ ಇರಬಹುದು.

ಇಷ್ಟಾದರೂ ಸರಿಹೋಗದಿದ್ದರೆ ಸಿನಿಮಾದ ಮಿಕ್ಸಿಂಗೇ (ಮಾತು, ಸಂಗೀತ ಬೆರೆಸಿದ ರೀತಿಯೇ) ಹಾಗಿರಬಹುದು. ಹೀರೊ ಎಂಟ್ರಿಗೆ ಡೋಲು ಬಡಿದು ಅಮ್ಮನ ಡೈಲಾಗ್ ಮುಳುಗಿಸುವವರು ಇದ್ದಾರೆ ಅಲ್ವಾ! ಅಂಥದ್ದಕ್ಕೆ ಸಬ್‌ಟೈಟಲ್ ಹಾಕಿಕೊಳ್ಳಿ.