ವೇಲ್ಸ್ ವಿರುದ್ಧ ಸೋತಾಗ ಆಸ್ಟ್ರೇಲಿಯಾದ ರಗ್ಬಿ ಅಭಿಮಾನಿಗಳು ಕೋಚ್ ಎಡ್ಡಿ ಜೋನ್ಸ್ ಮೇಲೆ ಅಷ್ಟೊಂದು ಸಿಟ್ಟಾಗಿದ್ದೇಕೆ?

2023ರ ವಿಶ್ವಕಪ್‌ನಲ್ಲಿ, ಫ್ರಾನ್ಸ್‌ನ ಲಿಯಾನ್‌ನಲ್ಲಿ ವೇಲ್ಸ್ 40-6ರಿಂದ ಆಸ್ಟ್ರೇಲಿಯಾವನ್ನು ಸೋಲಿಸಿತು. ಆಸ್ಟ್ರೇಲಿಯಾಕ್ಕೆ ಒಂದು ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿ ಅಂಕ ಗಳಿಸುವುದು) ಕೂಡ ಬರಲಿಲ್ಲ. ಕ್ರೀಡಾಂಗಣದ ಪರದೆಯಲ್ಲಿ ಜೋನ್ಸ್ ಮುಖ ಕಂಡಾಗ ಜನ ಕೂಗಿ ಛೀಮಾರಿ ಹಾಕಿದರು.

ಆದರೆ ಸಿಟ್ಟು ಒಂದೇ ಪಂದ್ಯದ್ದಲ್ಲ. ಆ ವರ್ಷ ಜನವರಿಯಲ್ಲಿ, ವಿಶ್ವಕಪ್‌ಗೆ ತಿಂಗಳುಗಳಷ್ಟೇ ಬಾಕಿ ಇರುವಾಗ, ಆಗಿನ ಕೋಚ್ ಡೇವ್ ರೆನ್ನಿಯನ್ನು ತೆಗೆದು ಜೋನ್ಸ್‌ರನ್ನು ತಂದರು. ಒಪ್ಪಂದ 2027ರವರೆಗೆ! ಜೋನ್ಸ್ ಮೈಕೆಲ್ ಹೂಪರ್, ಕ್ವೇಡ್ ಕೂಪರ್ ಅಂಥ ಅನುಭವಿಗಳನ್ನು ಬಿಟ್ಟು ಹುಡುಗರ ತಂಡ ಕಟ್ಟಿದರು. ಗೆದ್ದಿದ್ದರೆ ಇದನ್ನೇ ಧೈರ್ಯ ಅನ್ನುತ್ತಿದ್ದರು, ಅಲ್ವಾ? ವೇಲ್ಸ್‌ಗಿಂತ ಮೊದಲೇ ಫಿಜಿ ಎದುರು 22-15ರಿಂದ ಸೋತಾಗಿತ್ತು. ಕೊನೆಗೆ ಆಸ್ಟ್ರೇಲಿಯಾ ವಿಶ್ವಕಪ್‌ನ ಗುಂಪು ಹಂತದಲ್ಲೇ ಹೊರಬಿತ್ತು, ಅದೂ ಮೊದಲ ಸಲ.

ಇನ್ನೂ ಜಾಸ್ತಿ ಕೆರಳಿಸಿದ್ದು ಜಪಾನ್ ಸುದ್ದಿ. ವಿಶ್ವಕಪ್‌ಗೆ ಮುಂಚೆಯೇ ಅಲ್ಲಿನ ಕೋಚ್ ಕೆಲಸಕ್ಕೆ ಮಾತುಕತೆ ನಡೆಸಿದ್ದಾರೆ ಎಂದು ವರದಿಯಾಯಿತು. ಜೋನ್ಸ್ ಅಲ್ಲಗಳೆದರು. ಅಕ್ಟೋಬರ್ ಕೊನೆಯಲ್ಲಿ ರಾಜೀನಾಮೆ ಕೊಟ್ಟರು, ಡಿಸೆಂಬರ್‌ನಲ್ಲಿ ಜಪಾನ್ ಕೋಚ್ ಆದರು!

ನನ್ನ ಪ್ರಕಾರ ತಪ್ಪು ಅವರೊಬ್ಬರದ್ದೇ ಅಲ್ಲ. ಅವಸರದಲ್ಲಿ ಕೋಚ್ ಬದಲಿಸಿದ್ದು ಆಸ್ಟ್ರೇಲಿಯಾದ ರಗ್ಬಿ ಮಂಡಳಿ. ಒಳ್ಳೆಯ ಆಟಗಾರರನ್ನು ರಗ್ಬಿ ಲೀಗ್ (ಬೇರೆ ನಿಯಮಗಳ, ಪ್ರತ್ಯೇಕ ರಗ್ಬಿ ಆಟ) ಸೆಳೆದುಕೊಳ್ಳುವುದು ಅಲ್ಲಿ ಹಳೇ ತಲೆನೋವು. ಬೈಗುಳ ಮಾತ್ರ ಪರದೆಯಲ್ಲಿ ಕಂಡವರಿಗೇ ಬಿತ್ತು.