ಬಾಡಿಗೆ ಮನೆಗೆ ಗೀಸರ್ ಹಾಕಿಸಿದರೆ ಅದು ಯಾರದ್ದು?

ಪ್ರಶ್ನೆ: ಹುಬ್ಬಳ್ಳಿ ಗೋಕುಲ ರೋಡಿನ ಹತ್ತಿರ ಹಳೇ ಮನೆಯೊಂದರಲ್ಲಿ ಬಾಡಿಗೆಗೆ ಇದ್ದೇವೆ. ಬಚ್ಚಲಿಗೆ ಇನ್‌ಸ್ಟಂಟ್ ಗೀಸರ್ ಬೇಕಾಗಿದೆ. ಮಾಲಕರನ್ನು ಕೇಳಿದರೆ ‘ಬೇಕಾದ್ರ ನೀವ ಹಾಕಿಸ್ಕೋರಿ’ ಅಂದರು. ಮನೆ ಬಿಡುವಾಗ ಒಯ್ಯಬಹುದಾ? ಈಗಿರುವ ಸಣ್ಣ ಪ್ಲಗ್ ಪಾಯಿಂಟೇ ಸಾಕಾಗುತ್ತಾ?

ಉತ್ತರ: ಮೊದಲು ಪ್ಲಗ್ ವಿಷಯ. ಅದು ಜೀವದ ಮಾತು. ಸಾಕಾಗಲ್ಲ. ಇನ್‌ಸ್ಟಂಟ್ ಗೀಸರ್ ಸಾಮಾನ್ಯವಾಗಿ 3 ಕಿಲೋವ್ಯಾಟ್‌ನದು. 230 ವೋಲ್ಟ್ ಲೆಕ್ಕದಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತದೆ. ನಿಮ್ಮ ಸಣ್ಣ ಪ್ಲಗ್ 6 ಆಂಪಿಯರ್‌ದು, ಅದರ ಹಿಂದಿನ ವೈರ್ ಲೈಟು-ಫ್ಯಾನಿಗೆಂದು ಎಳೆದದ್ದು. ನಾಲ್ಕು ದಿನ ಚೆನ್ನಾಗಿಯೇ ನಡೆಯುತ್ತೆ. ಆಮೇಲೆ ಸಾಕೆಟ್ ಕಂದು ಬಣ್ಣಕ್ಕೆ ತಿರುಗಿ, ಸುಟ್ಟ ವಾಸನೆ ಶುರುವಾಗುತ್ತೆ. ಮೇನ್ ಬೋರ್ಡಿನಿಂದ ನೇರವಾಗಿ 4 ಚದರ ಮಿ.ಮೀ. ತಾಮ್ರದ ವೈರ್ ಎಳೆಸಿ, 16 ಆಂಪಿಯರ್ ಸಾಕೆಟ್ ಹಾಕಿಸಿ, ಅದಕ್ಕೇ ಬೇರೆ ಎಂಸಿಬಿ (ಲೋಡ್ ಹೆಚ್ಚಾದರೆ ತಾನಾಗೇ ಬೀಳುವ ಸ್ವಿಚ್ಚು) ಕೊಡಿಸಿ.

ಇನ್ನೊಂದು ಮಾತು, ಇದು ಹಳೇ ಮನೆಗಳಲ್ಲಿ ಬಹಳ ಸಲ ನೋಡಿದ್ದು. ಸಾಕೆಟ್ಟಿಗೆ ಮೂರು ತೂತು ಇರುತ್ತವೆ. ಮೇಲಿನ ದೊಡ್ಡದು ಅರ್ಥಿಂಗ್‌ಗೆ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರಿಗೆ. ಬಿಚ್ಚಿ ನೋಡಿದರೆ ಅದರ ಹಿಂದೆ ವೈರೇ ಇರಲ್ಲ. ಅರ್ಥಿಂಗ್ ಇಲ್ಲದ ಗೀಸರ್ ಅಂದರೆ ನಳದ ನೀರಿನಲ್ಲೇ ಕರೆಂಟ್ ಬರಬಹುದು. ಎಲೆಕ್ಟ್ರಿಷಿಯನ್‌ಗೆ ಅರ್ಥಿಂಗ್ ತಪಾಸಣೆ ಮಾಡಿಸಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು) ಹಾಕಲು ಹೇಳಿ. ಇದರಲ್ಲಿ ಮಾತ್ರ ದುಡ್ಡು ಉಳಿಸಲು ಹೋಗಬೇಡಿ.

ಈಗ ಯಾರದ್ದು ಅನ್ನೋ ಮಾತು. ಗೀಸರ್ ನಿಮ್ಮದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ನೀವು ಹಾಕಿಸಿದ್ದನ್ನು ಮನೆ ನಿಮ್ಮ ವಶದಲ್ಲಿರುವಾಗಲೇ ಬಿಚ್ಚಿ ಒಯ್ಯಬಹುದು, ಮನೆ ಮೊದಲಿದ್ದ ಹಾಗೇ ಇರಬೇಕು ಅಷ್ಟೇ. ಕರಾರು ಪತ್ರದಲ್ಲಿ ಬೇರೆ ರೀತಿ ಬರೆದಿದ್ದರೆ ಅದೇ ನಡೆಯುತ್ತೆ, ಅದನ್ನು ಒಮ್ಮೆ ತೆಗೆದು ಓದಿ. ವೈರಿಂಗ್ ಹಾಗಲ್ಲ, ಅದು ಗೋಡೆಯೊಳಗೇ ಉಳಿಯುತ್ತೆ. ಅದರ ಲಾಭ ಮಾಲಕರಿಗೇ, ಮುಂದಿನ ಬಾಡಿಗೆದಾರರಿಗೂ ಬರುತ್ತೆ. ಹಾಗಾಗಿ ಆ ಖರ್ಚು ಅವರ ಕಡೆಯಿಂದ ಬರಬೇಕು ಅಂತಲೇ ನನ್ನ ಅಭಿಪ್ರಾಯ. ಕೆಲಸಕ್ಕೆ ಮೊದಲೇ ವಾಟ್ಸಾಪಿನಲ್ಲಿ ಹೀಗೆ ಕಳಿಸಿ: ‘ವೈರಿಂಗ್ ಖರ್ಚನ್ನು ಎರಡು ತಿಂಗಳ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇವೆ, ಗೀಸರ್ ನಮ್ಮದು, ಹೋಗುವಾಗ ಒಯ್ಯುತ್ತೇವೆ. ಒಪ್ಪಿಗೆ ಇದೆಯಾ ಸರ್?’ ‘ಹೂಂ’ ಅಂತ ಉತ್ತರ ಬಂದ ಮೇಲೇ ಡ್ರಿಲ್ ಹಿಡಿಯಿರಿ. ಬಾಯಿಮಾತಿನ ಒಪ್ಪಿಗೆ ಡಿಪಾಸಿಟ್ ವಾಪಸ್ ಕೇಳುವ ದಿನ ನೆನಪಿಗೆ ಬರಲ್ಲ.

ಅಂದ ಹಾಗೆ, ದಿನಕ್ಕೆ ಅರ್ಧ ಗಂಟೆ ಗೀಸರ್ ಓಡಿದರೆ ತಿಂಗಳಿಗೆ ಸುಮಾರು 45 ಯೂನಿಟ್. ಗೃಹಜ್ಯೋತಿ ಇದ್ದರೆ, ಒಟ್ಟು 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನೀವೇ ಕಟ್ಟಬೇಕಾಗುತ್ತೆ.

ಪ್ರಶ್ನೆ: ಧಾರವಾಡ ಸಾಧನಕೇರಿಯಲ್ಲಿ ಮೇಲಿನ ಮನೆ ನಮ್ಮದು, ಬಾಡಿಗೆಯದ್ದು. ದೀಪಾವಳಿಗೆ ಬಣ್ಣ ಹೊಡೆಸುತ್ತಾರೆ, ಶ್ರಾವಣ ಬಂದರೆ ಅದೇ ಗೋಡೆ ಹಸಿಯಾಗಿ ಉದುರುತ್ತೆ. ನಾವೇ ರಿಪೇರಿ ಮಾಡಿಸಿ ಬಾಡಿಗೆಯಲ್ಲಿ ಕಳೆಯಬಹುದಾ?

ಉತ್ತರ: ಬಣ್ಣದ ಮಾತು ಬಿಡಿ, ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ಹುಡುಕಿ. ಅಂಗೈ ಎರಡರಷ್ಟು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಕಡೆ ಟೇಪ್ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮೈ, ಅಂದರೆ ಗೋಡೆಯ ಕಡೆ, ಹನಿ ನಿಂತಿದ್ದರೆ ಹಸಿ ಗೋಡೆಯಿಂದಲೇ ಬರುತ್ತಿದೆ. ಹೊರಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ, ಒಳಗೆ ಬಟ್ಟೆ ಒಣಹಾಕುವುದು ನಿಲ್ಲಿಸಿ ಕಿಟಕಿ ತೆರೆದಿಟ್ಟರೆ ಅರ್ಧ ಕಡಿಮೆಯಾಗುತ್ತೆ.

ಗೋಡೆಯಿಂದ ಅಂತಾದರೆ ಮಾಳಿಗೆ ಹತ್ತಿ. ಮಳೆನೀರಿನ ಪೈಪಿನ ಬಾಯಲ್ಲಿ ಎಲೆ ಸಿಕ್ಕಿರುತ್ತೆ, ಇಲ್ಲವೇ ಪ್ಯಾರಾಪೆಟ್ ಗೋಡೆ ಸ್ಲ್ಯಾಬಿಗೆ ಸೇರುವ ಮೂಲೆಯಲ್ಲಿ ಕೂದಲೆಳೆಯ ಬಿರುಕು ಇರುತ್ತೆ. ಎಲೆ ನೀವೇ ತೆಗೆಯಬಹುದು. ಬಿರುಕಿಗೆ ಗೌಂಡಿ ಬೇಕು. ವಾಟರ್‌ಪ್ರೂಫ್ ಲೇಪನ ಒಣಗಿದ ಮೈಗೇ ಹಿಡಿಯುವುದು, ಆದ್ದರಿಂದ ಏಪ್ರಿಲ್, ಮೇ ತಿಂಗಳಲ್ಲೇ ಮುಗಿಸಬೇಕು. ಜುಲೈನಲ್ಲಿ ಹಸಿ ಗೋಡೆಗೆ ಪುಟ್ಟಿ ಬಳಿಸಿದರೆ ದುಡ್ಡು ಸುಮ್ನೆ ಗೋಡೆಗೆ ಒರೆಸಿದ ಹಾಗೆ.

ಕಳೆಯುವ ವಿಚಾರಕ್ಕೆ ಅದೇ 108ನೇ ಕಲಂ. ರಿಪೇರಿ ಮಾಲಕರ ಜವಾಬ್ದಾರಿಯಾಗಿದ್ದು, ನೋಟಿಸ್ ಕೊಟ್ಟು ಸಾಕಷ್ಟು ಸಮಯ ಕೊಟ್ಟರೂ ಮಾಡಿಸದಿದ್ದರೆ, ಬಾಡಿಗೆದಾರ ಮಾಡಿಸಿ ಖರ್ಚು ಕಳೆಯಬಹುದು. ಆದರೆ ಹೇಳದೆ ಕೇಳದೆ ಕಳೆದರೆ ಬಾಡಿಗೆ ಬಾಕಿ ಅನ್ನಿಸಿಕೊಳ್ಳುತ್ತೀರಿ. ಮೊದಲು ಫೋಟೋ, ಪತ್ರ. ಆಮೇಲೆ ಇಬ್ಬರು ಗೌಂಡಿಗಳ ಅಂದಾಜು. ಕೊನೆಗೆ ರಸೀದಿ.

ಪ್ರಶ್ನೆ: ಗದಗ-ಬೆಟಗೇರಿಯಲ್ಲಿ ನಮ್ಮ ಮನೆ ಬಾಡಿಗೆಗೆ ಕೊಟ್ಟಿದ್ದೇವೆ. ನಳದ ವಾಷರ್ ಹೋದರೂ ಫೋನ್ ಮಾಡುತ್ತಾರೆ. ಈಗ ತಾವಾಗೇ ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿ ದುಡ್ಡು ಕೇಳುತ್ತಿದ್ದಾರೆ. ಕೊಡಬೇಕಾ?

ಉತ್ತರ: ಮೊದಲೇ ಒಪ್ಪಿಕೊಂಡಿರದಿದ್ದರೆ ಜಾಲರಿಗೆ ಕೊಡಬೇಕಿಲ್ಲ ಅಕ್ಕಾ. ಅವರು ಬಿಚ್ಚಿ ಒಯ್ಯಲಿ. ಫ್ರೇಮಿನ ತೂತು ಮುಚ್ಚಿಸಿ ಹೋಗಬೇಕು. ವಾಷರ್, ಸ್ವಿಚ್ಚು, ಸಾಕೆಟ್ಟು ಬಾಡಿಗೆದಾರರದ್ದು. ಪೈಪು, ವೈರಿಂಗು, ಸುಣ್ಣ-ಬಣ್ಣ ಮಾಲಕರದ್ದು ಅಂತ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿ ಹಂಚುತ್ತೆ. ಅದು ಮಾದರಿ ಮಾತ್ರ, ಆದರೂ ಕರಾರಿನಲ್ಲಿ ಬರೆದುಕೊಳ್ಳಲು ಒಳ್ಳೇದು. ಒಂದು ವಿನಾಯಿತಿ: ಬೋರ್ ನೀರು ಗಡಸಾಗಿದ್ದು ವಾಷರ್ ಪದೇ ಪದೇ ಹೋಗುತ್ತಿದ್ದರೆ ಅದು ಅವರ ತಪ್ಪಲ್ಲ. ಹಳೇ ನಳದ ಬದಲು ವಾಷರ್ ಇಲ್ಲದ, ಸೆರಾಮಿಕ್ ಡಿಸ್ಕ್ ಇರುವ ನಳ ನೀವೇ ಹಾಕಿಸಿಬಿಡಿ, ಫೋನೂ ಕಡಿಮೆಯಾಗುತ್ತೆ.